ಮೊದಲು ಸೊನ್ನೆ

ಗುರುವಾರ ಡೆಸ್ಮಂಡ್ ಪ್ರೋಬರ್ಟನ ಬೆರಳು ಚುಚ್ಚುತ್ತೇನೆ,
ಭಾನುವಾರ ಅವನ ಹೊಲದಂಚಿನ ಹೊಳೆಯನ್ನು ಮುಟ್ಟುತ್ತೇನೆ.
ರಕ್ತಕ್ಕೊಂದು ಯಂತ್ರ, ನೀರಿಗೊಂದು.
ಎರಡೂ ಅಂಗೈಯಗಲದವು, ಎರಡಕ್ಕೂ ಅದೇ ಜಾತಿಯ ಬ್ಯಾಟರಿ.

ನನ್ನ ಅಡ್ಡಹೆಸರು ಹೊನ್ನಳ್ಳಿ.
ಡೆಸ್ಮಂಡನ ನಾಲಿಗೆ ಅಷ್ಟು ದೂರ ಬಾರದು,
'ಹನಿ' ಎಂದಲ್ಲೇ ನಿಂತುಬಿಡುತ್ತದೆ.
ಅವನ ಪಾಲಿಗೆ ಅದು ಜೇನು. ನನ್ನ ಪಾಲಿಗೆ ತೊಟ್ಟು.
ತೊಟ್ಟಿನದೇ ಕಸುಬು ನನ್ನದು, ತಿದ್ದಲು ಹೋಗಲಿಲ್ಲ.

ಲಗ್ ನದಿ ಲೆಮ್‌ಸ್ಟರಿನ ಆಚೆ ಅಂಥ ಅಗಲವೇನಲ್ಲ.
ಒಂದು ಕಾಲಕ್ಕೆ ಮೇ ತಿಂಗಳೆಂದರೆ
ನೀರ ಮೇಲೆ ಬಿಳಿ ಹೂವಿನ ಚಾಪೆ ಹಾಸಿರುತ್ತಿತ್ತಂತೆ.
ನಾನು ಬಂದ ಮೇಲೆ ಕಂಡದ್ದು ಪಾಚಿ,
ಕಲ್ಲಿನ ಮೈಗೆ ಹಳೆ ಸ್ವೆಟರಿನ ಹಾಗೆ ಅಂಟಿದ್ದು.
ಮೇಲ್ದಂಡೆಯಲ್ಲಿ ಡೆಸ್ಮಂಡನ ಆರು ಕೋಳಿಮನೆ,
ಹಗಲಿರುಳು ಫ್ಯಾನುಗಳ ಗುಂಯ್.
ಕೈ ಕೆಸರಾದರೆ ಬಾಯಿ ಮೊಸರು, ನಿಜ.
ಆ ಕೈಯನ್ನು ತೊಳೆದದ್ದು ಎಲ್ಲಿ ಎಂದು ಗಾದೆ ಹೇಳುವುದಿಲ್ಲ.

ಶೀಷೆಯನ್ನು ಹೊಳೆಯ ನೀರಲ್ಲೇ ಮೂರು ಸಲ ತೊಳೆ.
ಹತ್ತು ಮಿಲಿಲೀಟರ್ ತುಂಬು. ಹೊರಮೈ ಒರೆಸು,
ಬೆರಳ ಗುರುತು ಉಳಿದರೂ ಬೆಳಕು ಎಡವುತ್ತದೆ.
ಆಮೇಲೆ ಒಂದು ವಿಚಿತ್ರ:
ಪುಡಿ ಬೆರೆಸದ ಅದೇ ನೀರನ್ನು ಯಂತ್ರದೊಳಗಿಟ್ಟು
ಇದೇ ಸೊನ್ನೆ ಎಂದು ಅದನ್ನು ನಂಬಿಸಬೇಕು.
ನಂಬುತ್ತದೆ, ಪಾಪ. ನಾವೂ ಹಾಗೇ ಅಲ್ಲವೆ,
ಬಂದ ದಿನ ಹೇಗಿತ್ತೋ ಅದೇ ಹೊಳೆ ಎಂದುಕೊಂಡವರು.

ಪುಡಿ ಸುರಿದು ಕುಲುಕಿ ಮೂರು ನಿಮಿಷ ಕಾದರೆ
ನೀರು ನಿಧಾನ ನೀಲಿಯಾಗುತ್ತದೆ.
ಎಷ್ಟು ನೀಲಿಯೋ ಅಷ್ಟು ಫಾಸ್ಫೇಟ್.
ಮಕ್ಕಳು ಚಿತ್ರದಲ್ಲಿ ನದಿಗೆ ಬಳಿಯುವ ಬಣ್ಣವೇ
ಇಲ್ಲಿ ಕಾಯಿಲೆಯ ಬಣ್ಣ. ಇದಕ್ಕೆ ನಾನಿನ್ನೂ ಒಗ್ಗಿಲ್ಲ.

ಸೆಪ್ಟೆಂಬರಿನ ಒಂದು ಭಾನುವಾರ ಬೇಲಿಯ ಬಳಿ ನಿಂತಿದ್ದ,
ಕಾಲಿಗೆ ನಾನೇ ಸುತ್ತಿದ ಪಟ್ಟಿ, ಅದರ ಮೇಲೆ ಬೂಟು.
ಹೊಳೆಯ ನೀರಿಗೆ ದೊಣೆನಾಯಕನ ಅಪ್ಪಣೆಯೇ ಎನ್ನಬಹುದಿತ್ತು.
ಅನ್ನಲಿಲ್ಲ. ಅವನ ಹೊಲ ತುಳಿದೇ ನೀರಿಗೆ ಇಳಿಯಬೇಕು.
'ನನ್ನ ನಂಬರು ನಿನಗೆ ಗೊತ್ತು' ಅಂದ,
'ಇದರದ್ದು ಎಷ್ಟು?'
ಸೊನ್ನೆ ಪಾಯಿಂಟ್ ಮೂರು ಒಂದು.
'ಅದು ಜಾಸ್ತಿಯೋ?'
ನಿಮಗೆ ಸಕ್ಕರೆ ಹದಿನಾಲ್ಕು ಇದ್ದ ಹಾಗೆ, ಅಂದೆ.
ನಕ್ಕ. ನಗು ಅರ್ಧಕ್ಕೇ ನಿಂತಿತು.

'ಹಾಗಾದರೆ ಬಾ' ಎಂದು ಕೋಳಿಮನೆಯ ಹಿಂದಿನ
ಕಾಲುವೆಗೆ ಕರೆದೊಯ್ದ. ತಾನೇ ಬಗ್ಗಿ ತುಂಬಿದ,
ಒರೆಸಿದ, ಸೊನ್ನೆ ನಂಬಿಸಿದ, ಪುಡಿ ಸುರಿದ.
ಅರ್ಧ ಗಾಳಿಗೆ ಹೋಯಿತು, ಮತ್ತೊಂದು ಪೊಟ್ಟಣ ಹರಿದೆವು.
ಆ ಮೂರು ನಿಮಿಷ ಅವನು ಫ್ಯಾನಿನ ಕಡೆ ನೋಡಲಿಲ್ಲ.
ನೀಲಿ ಬಂತು, ಇಂಕಿನ ಹಾಗೆ, ಶಾಲೆಯ ಇಂಕಿನ ಹಾಗೆ.
ಪರದೆಯ ಮೇಲೆ ಎರಡೂವರೆ ಎಂಬ ಅಂಕಿ
ಕಣ್ಣು ಮಿಟುಕಿಸುತ್ತಲೇ ಇತ್ತು.
'ಬ್ಯಾಟರಿ ಹೋಯಿತೇ?'
ಇಲ್ಲ. ಅದಕ್ಕೆ ಅಲ್ಲಿಂದ ಮುಂದೆ ಎಣಿಕೆ ಬಾರದು.
'ಮುಂದೆ ಇದ್ದರೆ?'
ಇದು ಒಂದು ಪಾಲು, ಶುದ್ಧ ನೀರು ಒಂಬತ್ತು ಪಾಲು ಬೆರೆಸಿ
ಬಂದದ್ದನ್ನು ಹತ್ತರಿಂದ ಗುಣಿಸಬೇಕು.
ಒಂಬತ್ತು ಪಾಲು, ಎಂದು ತನ್ನಷ್ಟಕ್ಕೆ ಅಂದುಕೊಂಡ.
'ಅಷ್ಟು ಶುದ್ಧ ನೀರು ಎಲ್ಲಿಂದ ತರುತ್ತೀ, ಹನಿ?'
ಔಷಧಿ ಅಂಗಡಿಯಿಂದ, ಅಂದೆ. ಬೇರೆ ಉತ್ತರ ಹೊಳೆಯಲಿಲ್ಲ.

ಗುಣಿಸಿದ ಮೊತ್ತವನ್ನು ಕೋಳಿ ಆಹಾರದ ಬಿಲ್ಲಿನ ಬೆನ್ನಿಗೆ ಬರೆದು
ಮಡಿಸಿ ಜೇಬಿಗಿಟ್ಟ. ನಿನ್ನ ಪುಸ್ತಕದಲ್ಲಿ ಬರೆಯಬೇಡ ಎನ್ನಲಿಲ್ಲ,
ಬರೆ ಎಂದೂ ಅನ್ನಲಿಲ್ಲ.
ನಾನು ಬರೆದೆ.

ಗುರುವಾರ ಹೋದೆ. ಫ್ಯಾನುಗಳು ಹಾಗೇ ಗುಂಯ್‌ಗುಡುತ್ತಿದ್ದವು.
ಸಕ್ಕರೆ ಹದಿಮೂರು ಚಿಲ್ಲರೆ.
ಪಟ್ಟಿ ಬಿಚ್ಚಿದೆ, ಗಾಯ ನೋಡಿದೆ, ಹೊಸದು ಸುತ್ತಿದೆ.
ಸಿಂಕಿನ ಪಕ್ಕ, ಬಟ್ಟಲುಗಳ ನಡುವೆ, ತಲೆಕೆಳಗಾಗಿ
ನಾನು ಮರೆತು ಬಂದ ಶೀಷೆ ಒಣಗುತ್ತಿತ್ತು.
'ಮೂರು ಸಲ ತೊಳೆದಿದ್ದೇನೆ' ಅಂದ,
ಕಾಲು ಚಾಚಿಕೊಂಡೇ, ನನ್ನ ಮುಖ ನೋಡದೆ.