ಉಪ್ಪಿಲ್ಲದ ಋಣ

ಒಲೆಯ ಬಾಗಿಲು ನಿಲ್ಲುವುದಿಲ್ಲ, ಕುರ್ಚಿ ಒತ್ತರಿಸಬೇಕು.
ಕುರ್ಚಿಯ ಮೇಲೆ ನಾನು ಕೂತರೆ ಇನ್ನೂ ವಾಸಿ,
ಅದಕ್ಕೇ ನನ್ನನ್ನು ಕರೆಯುತ್ತಾಳೆ ನಾಜಿಬ್ರೋಲಾ,
ಶನಿವಾರ ಶನಿವಾರ, ಎರಡನೇ ಮಹಡಿಯಿಂದ ಮೂರಕ್ಕೆ.

ಕೋಳಿಯ ಲಿವರು ಬೇಯುತ್ತಿದೆ. ಮೆಟ್ಟಿಲ ತುಂಬ ಅದೇ ವಾಸನೆ.
ತ್ಬಿಲಿಸಿಗೆ ಇನ್ನೂ ಬೆಳಕಾಗಿಲ್ಲ,
ಬಾಲ್ಕನಿಯ ದ್ರಾಕ್ಷಿಬಳ್ಳಿ ಬರೀ ನಾರು.

ಕುಂಬಳ ತುರಿ, ಅನ್ನುತ್ತಾಳೆ. ತುರಿಯುತ್ತೇನೆ, ಕೂತಲ್ಲೇ.
ಓಟ್ಸು ಬೀಸಿದ ಹಿಟ್ಟು ಮೂರು ಲೋಟ,
ಮೊಟ್ಟೆ ಒಂದು, ಲಿವರು ಬೆಂದ ನೀರು ಹಿಡಿಸಿದಷ್ಟು.
ನಾದಿ ನಾದಿ ಕಿವಿಯ ಹಾಲೆಯಷ್ಟು ಮೆದುವಾದಾಗ
ಖಾಲಿ ಬಾಟಲಿಯಲ್ಲಿ ಲಟ್ಟಿಸಿ
ಅಯೋಡಿನ್ ಸೀಸೆಯ ಮುಚ್ಚಳದಿಂದ ಒತ್ತುತ್ತಾಳೆ.
ಮೂವತ್ತೊಂದು ವರ್ಷ ರೈಲ್ವೆ ಆಸ್ಪತ್ರೆಯ ನರ್ಸು;
ಗುಂಡಗಿರುವುದೆಲ್ಲ ಅವಳ ಕೈಯಲ್ಲಿ ಗುಳಿಗೆ.

ಉಪ್ಪು ಬೇಡವಾ? ಅಂತ ಮೊದಲ ಶನಿವಾರ ಕೇಳಿದ್ದೆ.
ಕೈಮೇಲೆ ಸೌಟಿನಿಂದ ಬಿತ್ತು.
ಉಪ್ಪು ಬೇಡ. ಈರುಳ್ಳಿ ಬೇಡ. ಬೆಳ್ಳುಳ್ಳಿಯಂತೂ ಬೇಡವೇ ಬೇಡ.
ಒಣದ್ರಾಕ್ಷಿ ಹಾಕಿದೆಯೋ, ಕೊಂದಂತೆಯೇ.
ನಮ್ಮ ನಾಲಿಗೆ ಕೆಟ್ಟದ್ದು ಸಾಲದೆ
ಅವುಗಳದ್ದೂ ಕೆಡಿಸಬೇಕಾ?

ಅವು ಅಂದರೆ ಕೆಳಗೆ ಕಾಯುತ್ತಿರುವವು.
ಕಿವಿಗೆ ಪುರಸಭೆಯ ಹಳದಿ ಬಿಲ್ಲೆ:
ಚುಚ್ಚುಮದ್ದು ಆಗಿದೆ, ಯಾರದ್ದೂ ಅಲ್ಲ, ಎಲ್ಲರದ್ದೂ.
ಸಿಗ್ನಲ್ಲು ನೋಡಿ ರಸ್ತೆ ದಾಟುವ ತೋಲಿಯಾ,
ಬ್ಯಾಂಕಿನ ಮೆಟ್ಟಿಲ ಮೇಲೆ ಮಾತ್ರ ಮಲಗುವ ಕಂದು ಮರಿ,
ಮತ್ತೆ ಬೊಂಬೋರಾ, ಮೂರೇ ಹಲ್ಲಿನ ಮುದುಕಿ.
ಬೊಂಬೋರಾಗೆ ಸಾರಿನಲ್ಲಿ ನೆನೆಸಿ ಕೊಡಬೇಕು.
ಇಲ್ಲವಾದರೆ ಬಾಯಲ್ಲಿಟ್ಟುಕೊಂಡು
ಇಡೀ ಬೀದಿ ಸುತ್ತಿ ಬಂದು ನಮ್ಮ ಕಾಲ ಬಳಿಯೇ ಉಗುಳುತ್ತಾಳೆ,
ಸಾಲ ತೀರಿಸಿದವಳ ಹಾಗೆ.

ಫೆಬ್ರವರಿಯಲ್ಲೊಂದು ಸಂಜೆ ಫ್ಯೂಸು ಹೋಯಿತು.
ಕೆಳಮನೆಯ ಜುಂಬೇರ್ ಟಾರ್ಚು ಹಿಡಿದು ಮೇಲೆ ಬಂದ.
ನೀರಿನ ಕೊಳವೆಯ ಜಗಳ, ಹನ್ನೊಂದು ವರ್ಷ ಮಾತಿಲ್ಲ.
ಗಡಿಯಾರ ರಿಪೇರಿಯ ಅಂಗಡಿ ಅವನದ್ದು,
ನಾಯಿ ಹೊಸ್ತಿಲ ಹತ್ತಿರ ಸುಳಿದರೆ ಚೊಂಬು ನೀರು ಎರಚುವವನು.
ನಾಜಿಬ್ರೋಲಾ ಮೇಣದ ಬತ್ತಿ ಹಚ್ಚಿದಳು.
ಬಂದವರು ಬಂದವರೇ, ಚಹಾಕ್ಕಿಟ್ಟಳು.
ಅರೆಗತ್ತಲಲ್ಲಿ ಅವನ ಕೈ
ಮೇಜಿನ ಮೇಲಿದ್ದ ತಟ್ಟೆಯನ್ನು ತಾನೇ ಹುಡುಕಿಕೊಂಡಿತು.

ನಾನು ಬಾಯಿ ತೆರೆದೆ. ಅವಳು ನನ್ನ ಕಾಲು ತುಳಿದಳು.
ಒಂದು. ಇನ್ನೊಂದು. ಚಹಾದಲ್ಲಿ ಅದ್ದಿ ಮತ್ತೆರಡು.
ಗಟ್ಟಿ ಇವೆ, ಆದರೂ ಸೈ, ಅಂದ ಎದ್ದು ಹೋಗುವಾಗ.
ಉಪ್ಪು ಮಾತ್ರ ಸಾಲದು.

ಸೋಮವಾರ ಬಾಗಿಲ ಬಳಿ ಒಂದು ಪೊಟ್ಟಣ.
ಸ್ವಾನೇತಿಯ ಉಪ್ಪು, ಬೆಟ್ಟದಿಂದ ಅವನ ಅಕ್ಕ ಕುಟ್ಟಿ ಕಳಿಸಿದ್ದು:
ಬೆಳ್ಳುಳ್ಳಿ, ಮೆಂತ್ಯ, ಒಣಗಿದ ಚೆಂಡುಹೂವಿನ ಪುಡಿ,
ಮೂಸಿದರೆ ಕಣ್ಣಲ್ಲಿ ನೀರು.
ನಾಜಿಬ್ರೋಲಾ ಅದನ್ನು ಹಿಡಿದು ನಿಂತೇ ಇದ್ದಳು.
ರೊಟ್ಟಿ ಉಪ್ಪು ಹಂಚಿಕೊಂಡವರು ಹಗೆಯಾಗಬಾರದು
ಅನ್ನುತ್ತಿದ್ದಳು ನನ್ನಜ್ಜಿ.
ಇವಳು ಕೊಟ್ಟದ್ದರಲ್ಲಿ ಉಪ್ಪಿರಲಿಲ್ಲ,
ಅವನು ಕೊಟ್ಟದ್ದು ಬರೀ ಉಪ್ಪು.

ಶನಿವಾರ ಕೆಳಗಿಳಿದು ಹೇಳಿಯೇಬಿಟ್ಟಳು.
ಜುಂಬೇರ್ ತಲೆಯೆತ್ತಲಿಲ್ಲ,
ಕಣ್ಣಿಗೆ ಸಿಕ್ಕಿಸಿದ ಮಸೂರ ಅಲುಗಲಿಲ್ಲ.
ಎಷ್ಟು ತಿಂದೆ?
ಒಂಬತ್ತು.
ಅವುಗಳ ಪಾಲಿನದಾ?
ಅವುಗಳ ಪಾಲಿನದೇ.

ಏನೋ ಆಗುತ್ತದೆಂದು ಕಾದೆ. ಏನೂ ಆಗಲಿಲ್ಲ.
ಎರಡು ವಾರ ಬಿಟ್ಟು ಬಂದ, ಜೇಬಲ್ಲಿ ಸ್ಕ್ರೂ ಡ್ರೈವರು,
ಯಾವುದೋ ಗೋಡೆ ಗಡಿಯಾರದ ಸ್ಪ್ರಿಂಗು.
ಒಲೆಯ ಬಾಗಿಲೀಗ ಟಿಕ್ಕೆಂದು ಮುಚ್ಚುತ್ತದೆ.
ನನ್ನ ಕೆಲಸ ಹೋಯಿತು. ಆದರೂ ಕುರ್ಚಿ ಅಲ್ಲೇ ಇದೆ,
ಬೆನ್ನಿಗೆ ಬಿಸಿ ತಾಗುತ್ತದೆ, ಕೂರುತ್ತೇನೆ.

ಅವನ ಉಪ್ಪು ನಾಜಿಬ್ರೋಲಾಳ ಆಲೂಗೆಡ್ಡೆಗೆ.
ಬೊಂಬೋರಾ ಮಲಗುವುದು ಅವನ ಅಂಗಡಿಯ ಹೊಸ್ತಿಲಲ್ಲಿ, ಅಡ್ಡಡ್ಡ.
ಅವನ ಉಪ್ಪು ಅವಳು ತಿಂದವಳಲ್ಲ,
ಅವಳ ಸಪ್ಪೆ ಅವನು ತಿಂದವನು.
ಗಿರಾಕಿ ಬಂದು ನಿಂತರೆ
ದಾಟಿಕೊಂಡು ಬನ್ನಿ, ಅನ್ನುತ್ತಾನೆ,
ತಲೆಯೆತ್ತದೆ.