ನೂರ ಮೂವತ್ತು ಗ್ರಾಂ

ಮೆಣಸಿನಲ್ಲಾದರೆ ಭಾರವೇ ಗುಣ.
ಲೀಟರಿಗೆ ಐನೂರೈವತ್ತು ತೂಗಿದರೆ ಒಳ್ಳೆ ಕಾಳು,
ಅದಕ್ಕಿಂತ ಇಳಿದರೆ ಜೊಳ್ಳು, ಬೆಲೆಯಲ್ಲಿ ಕಡಿತ.
ನಾಪೋಕ್ಲು ಪೇಟೆಯಲ್ಲಿ ಹತ್ತೊಂಬತ್ತು ವರ್ಷ
ಇದನ್ನೇ ಹೇಳಿ ಹೇಳಿ
ಹಗುರಾದದ್ದನ್ನು ನಂಬುವ ಅಭ್ಯಾಸ
ನನ್ನ ಕೈಗೆ ತಪ್ಪಿಹೋಗಿದೆ.

ಹಾಗಾಗಿ ಮೂರ್ನಾಡಿನ ಸ್ಟುಡಿಯೋ ಚಿಟ್ಟಿಯಪ್ಪ
ತನ್ನ ಹಳೆಯ ಕ್ಯಾಮೆರಾ ನನಗೆ ಮಾರುತ್ತ
ಎರಡು ಲೆನ್ಸ್ ಮುಂದಿಟ್ಟು
"ವಾರ ಇಟ್ಟುಕೊಂಡು ನೋಡು, ಒಂದು ಆರಿಸು" ಎಂದಾಗ
ಎರಡನ್ನೂ ತಂದು ಮೊದಲು ತಕ್ಕಡಿಗೇ ಹಾಕಿದೆ.
ದೊಡ್ಡದು ಎಂಟುನೂರ ಐದು.
ಚಿಕ್ಕದು ನೂರ ಮೂವತ್ತು.
ಬಲ್ಲವರು ಇದನ್ನು ಪ್ಯಾನ್‌ಕೇಕ್ ಅನ್ನುತ್ತಾರಂತೆ.
ನನ್ನ ಕಣ್ಣಿಗೆ ಇಡ್ಲಿ,
ಅದೂ ಹಿಟ್ಟು ಉಬ್ಬದ ದಿನದ್ದು.

ದೊಡ್ಡದನ್ನೇ ಹಾಕಿದೆ, ಇನ್ನೇನು.
ಕುತ್ತಿಗೆಗೆ ನೇತುಬಿಟ್ಟುಕೊಂಡು ಮನೆಗೆ ಹೋದರೆ
ಉಮ್ಮ ತಲೆವಸ್ತ್ರ ಸರಿಮಾಡಿಕೊಂಡು
ಪಾಸ್‌ಪೋರ್ಟ್ ಆಫೀಸಿನಲ್ಲಿ ಕೂತಂತೆ
ಕುರ್ಚಿಯ ತುದಿಯಲ್ಲಿ ಕೂತರು.
ಮೈಮೂನಾ ಅಡುಗೆಮನೆಯಿಂದಲೇ "ಯಾರ ಮದುವೆ?" ಎಂದಳು.
ನೈಲಾ ಓಡಿಬಂದು ಗಾಜಿಗೇ ಮೂಗು ಒತ್ತಿದಳು.
ಹಿಂದೆ ಹೋಗು ಮೋಳೇ ಎಂದೆ, ಇನ್ನೂ ಹಿಂದೆ,
ಹಿಂದೆ ಹಿಂದೆ ಹೋಗಿ, ಹೊಸ್ತಿಲು ದಾಟಿ
ಆಟಕ್ಕೇ ಹೋಗಿಬಿಟ್ಟಳು.

ಭಾನುವಾರ, ಚೆರಿಯಪರಂಬಿನ ಹೊಳೆದಡ.
ಕ್ಯಾಮೆರಾ ಬ್ಯಾಗಿನಲ್ಲಿ, ಬ್ಯಾಗು ಜೀಪಿನಲ್ಲಿ,
ಜೀಪು ಮೇಲೆ ರಸ್ತೆಯಲ್ಲಿ. ಹೊತ್ತು ತರುವವರು ಯಾರು?
ಕಿತ್ತಳೆ ತೊಳೆ ಕಚ್ಚಿದ ನೈಲಾ
ಬೀಜವೆಂದು ಉಗುಳಿದ್ದನ್ನು ಅಂಗೈಯಲ್ಲಿ ನೋಡಿ,
ಹಲ್ಲೆಂದು ಬೆಚ್ಚಿ,
ನಕ್ಕಳು.
ಮೂರು ಮುಖ, ಒಂದರ ಬೆನ್ನಿಗೊಂದು.
ನಾನು ಜೀಪಿನ ತನಕ ಓಡಿ ಬರುವಷ್ಟರಲ್ಲಿ
ಮಿಕ್ಕಿದ್ದು ಕಿತ್ತಳೆ ಸಿಪ್ಪೆ.

ಸೋಮವಾರ ಚಿಕ್ಕದನ್ನು ತಿರುಗಿಸಿ ಕೂರಿಸಿದೆ.
ಕಟಕ್ ಎಂದಿತು, ಸುಣ್ಣದ ಡಬ್ಬಿಯಂತೆ.
ಅದಕ್ಕೆ ಎಳೆಯಲೂ ಬಾರದು, ದೂಡಲೂ ಬಾರದು;
ಹತ್ತಿರ ಬೇಕಾದರೆ ನಾನೇ ಹತ್ತಿರ ಹೋಗಬೇಕು,
ಎಲ್ಲರೂ ಬೇಕಾದರೆ ನಾನೇ ಗೋಡೆಗೆ ಬೆನ್ನು ಕೊಡಬೇಕು.
ಕೊಟ್ಟರೂ ಎಲ್ಲರೂ ಹಿಡಿಸುವುದಿಲ್ಲ.
ಊಟದ ಚಿತ್ರದಲ್ಲಿ ಆಲಿಕುಟ್ಟಿ ಕಾಕ ಬರೀ ಮೊಣಕೈ.
ಲೆಕ್ಕದ ಮನುಷ್ಯ ನಾನು, ದೋಷ ಮುಚ್ಚಿಡುವುದಿಲ್ಲ.
ಕಾಕನಂತೂ ಇವತ್ತಿಗೂ ಬಿಟ್ಟಿಲ್ಲ.

ಆದರೆ ಉಮ್ಮ
ಪತ್ತಿರಿ ಒತ್ತುತ್ತಿದ್ದವರು ಒತ್ತುತ್ತಲೇ ಇದ್ದರು.
ಎದುರಿಗೆ ಮೊಣಕಾಲಿಗೆ ಮೊಣಕಾಲು ತಾಗುವ ಹಾಗೆ ಕೂತೆ.
ಮಗ ಎಂಥದೋ ಸಾಬೂನು ಡಬ್ಬಿ ಹಿಡಿದಿದ್ದಾನೆ ಅಂದುಕೊಂಡು
ವಾಪ್ಪನ ಮೇಲಿನ ಯಾವುದೋ ಹಳೇ ಸಿಟ್ಟು ತೆಗೆದರು,
ಒಂದು ಕೊಡೆಯ ವಿಷಯ,
ನಾನು ಹುಟ್ಟುವ ಮೊದಲಿನದು.
ಕೆಳದುಟಿಯ ಬಲಕ್ಕೆ ಅವರಿಗೊಂದು ಮಚ್ಚೆ ಇದೆ.
ನಲವತ್ತೊಂದು ವರ್ಷದ ಮಗನಿಗೆ ಅಂದು ಗೊತ್ತಾಯಿತು.

ಅಂಗಡಿಗೆ ಬಂದ ನೈಲಾ ತಕ್ಕಡಿಗೆ ತನ್ನ ಹಲ್ಲಿಟ್ಟಳು.
ಸೊನ್ನೆ.
ಒರೆಸಿ ಮತ್ತೆ ಇಟ್ಟಳು. ಸೊನ್ನೆ.
ಐದು ಗ್ರಾಮಿಗಿಂತ ಕಮ್ಮಿಯದ್ದು ಇದಕ್ಕೆ ಕಾಣುವುದಿಲ್ಲ ಎಂದೆ.
"ಹಾಗಾದರೆ ಇದು ಹಾಳಾಗಿದೆ" ಎಂದಳು,
ಹಲ್ಲಿನ ಸಂದಿಯಿಂದ ಗಾಳಿ ಬಿಡುತ್ತ.
ಆ ಗಾಳಿಯ ಚಿತ್ರವೂ ಇದೆ. ಸ್ವಲ್ಪ ಅಲುಗಿದೆ.

ದೊಡ್ಡದನ್ನು ಹಿಂದಕ್ಕೆ ಕೊಟ್ಟೆ.
"ಜೊಳ್ಳನ್ನೇ ಆರಿಸಿದೆಯಲ್ಲ, ಸಾಹುಕಾರ"
ಎಂದ ಚಿಟ್ಟಿಯಪ್ಪ.
ಹೂಂ ಎಂದೆ, ಕಡಿತ ಕೇಳಲಿಲ್ಲ.

ಮುಚ್ಚಳ ಮಾತ್ರ ಆ ವಾರವೇ ಕಳೆಯಿತು.
ಕಪ್ಪಗೆ, ದುಂಡಗೆ, ಮೆಣಸಿನ ಯಾವ ಚೀಲಕ್ಕೆ ಬಿತ್ತೋ.
ಬುಧವಾರ ಲಾರಿ ಕೊಚ್ಚಿಗೆ ಹೋಯಿತು.
ಅಲ್ಲಿ ಜರಡಿ ಹಿಡಿಯುವಾಗ ಯಾರಿಗಾದರೂ ಸಿಕ್ಕರೆ
ಆ ಚೀಲದಲ್ಲಿ ಹತ್ತು ಗ್ರಾಂ ಕಾಳು ಕಡಿಮೆಯಿದೆ ಎಂದರ್ಥ.
ನನ್ನ ಹೆಸರಿಗೆ ಬರೆದುಕೊಳ್ಳಲಿ.