ಎರಡನೇ ಸೌಟು

ಹೊಟ್ಟೆ ತುಂಬ ಬಡಿಸಿದ್ದೆವು, ಅದೇ ತಪ್ಪು.
ನೈಟ್ರೇಟು, ಫಾಸ್ಫೇಟು, ಚಿಟಿಕೆ ತಾಮ್ರ,
ಪುಸ್ತಕದ ಅಳತೆಗೆ ತೂಗಿದ ಉಪ್ಪು,
ಮೇಲೊಂದು ಸಿರಿಂಜಿನಷ್ಟು ಮೀಥೇನ್.
ರಬ್ಬರ್ ಬಿರಡೆ ಒತ್ತಿ
ಕತ್ತಲ ಕಪಾಟಿನಲ್ಲಿಟ್ಟು ಕಾದೆವು.
ಏನೂ ಹುಟ್ಟಲಿಲ್ಲ.
ಹುಟ್ಟಿದರೂ ಯಾವನೋ ದಾರಿಹೋಕ, ಹೊಟ್ಟೆಬಾಕ;
ನಾವು ಕರೆದವರಲ್ಲ.

ನಾನು ಪ್ರಯೋಗಾಲಯದ ಅಡುಗೆಯವಳು.
ಇರೈದಾ ಲ್ವೊವ್ನಾ ಯೋಚಿಸುತ್ತಾರೆ,
ನಾನು ಕುದಿಸುತ್ತೇನೆ, ಸೀಸೆ ತೊಳೆಯುತ್ತೇನೆ.
ಆ ವರ್ಷ ಎಂಟು ತಿಂಗಳು ಸಂಬಳವಿಲ್ಲ,
ಹಿತ್ತಲ ಆಲೂಗಡ್ಡೆಯೇ ದೇವರು.

ವಾಸ್ಯುಗಾನ್ ಜೌಗು ನೋಡಿದ್ದೀರಾ?
ನೆಲವೆಂದರೆ ನೆಲವಲ್ಲ, ನೀರೆಂದರೆ ನೀರಲ್ಲ.
ಇಲ್ಲಿ ಕಾಲಿಟ್ಟರೆ
ಹತ್ತು ಮಾರು ಆಚೆಯ ಕುಳ್ಳ ಪೈನ್ ಮರ ತಲೆದೂಗುತ್ತದೆ.
ಪಾಚಿ ಹಿಂಡಿದರೆ ಚಹಾ ಬಣ್ಣದ ನೀರು,
ಮೂರು ದಿನದ ಹಾಲಿನಷ್ಟು ಹುಳಿ.
ಅಡಿಯಲ್ಲಿ ಸಾವಿರಾರು ವರ್ಷದ್ದು, ಕೊಳೆತೂ ಕೊಳೆಯದ್ದು,
ಅದರ ನಿಟ್ಟುಸಿರು ಗುಳ್ಳೆಗುಳ್ಳೆಯಾಗಿ ಮೇಲೇಳುತ್ತದೆ.
ಹೊರಟದ್ದೆಷ್ಟು, ಆಕಾಶ ತಲುಪಿದ್ದೆಷ್ಟು,
ಲೆಕ್ಕದಲ್ಲಿ ಕಳ್ಳತನ ಕಾಣುತ್ತಿತ್ತು,
ಕಳ್ಳ ಕಾಣುತ್ತಿರಲಿಲ್ಲ.
ಪಾಚಿಯ ಪೊಳ್ಳು ಕೋಶದೊಳಗೆ ಕೂತು
ಯಾರೋ ಅದನ್ನು ಉಣ್ಣುತ್ತಿದ್ದರು,
ಉಂಡು ಬಿಟ್ಟ ಉಸಿರನ್ನು ಪಾಚಿಗೇ ಬಾಡಿಗೆ ಕೊಟ್ಟು.

ನನ್ನ ಅಜ್ಜಿ ಕಪಿತೋಲಿನಾ
ಏಳರ ಹುಡುಗಿಯಾಗಿ ಇಲ್ಲಿಗೆ ಬಂದದ್ದು,
ಬಂದದ್ದಲ್ಲ, ತಂದು ಸುರಿದದ್ದು.
ದೊಡ್ಡ ದೋಣಿಯಿಂದ ಎಲ್ಲರನ್ನೂ ಇಳಿಸಿ
ಮನೆಗೊಂದು ಕೊಡಲಿ ಕೊಟ್ಟು
ಇದೇ ನಿಮ್ಮ ಊರು ಅಂದರಂತೆ.
ಚಳಿಗಾಲವಿಡೀ ಮರದ ತೊಗಟೆಯ ಹಿಟ್ಟು.
ಹಿಮ ಕರಗಿ ಹೊಳೆ ತೆರೆದಾಗ
ನಿಜವಾದ ಹಿಟ್ಟು ಬಂತು, ಜೊತೆಗೆ ಉಪ್ಪು.
ತಾಯಿ ಅಳುತ್ತ, ನಗುತ್ತ ಗಟ್ಟಿ ಗಂಜಿ ಕಾಸಿದಳು.
ತಮ್ಮ ಯೆವ್ಸೇಯ್ ಒಂದು ಸೌಟು ಉಂಡ,
ಇನ್ನೊಂದು ಉಣ್ಣು ಕಂದಾ ಅಂದಳು,
ಇನ್ನೊಂದು ಉಂಡ.
ನಸುಕಿಗೆ ಮೈ ತಣ್ಣಗಿತ್ತು.
ಅಜ್ಜಿಗೆ ಜ್ವರ, ಬಾಯಿ ಕಹಿ,
ಹಾಗಾಗಿ ಉಳಿದಳು.

ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ಬಂಧುವಿಲ್ಲ;
ಎರಡೂ ಸೇರಿಯೇ ಅವನನ್ನು ಕೊಂದವು.
ಮುಂದೆ ಎಪ್ಪತ್ತು ವರ್ಷ
ಅಜ್ಜಿಯ ಕೈ ಯಾರಿಗೂ ಎರಡನೇ ಸೌಟು ಬಡಿಸಲಿಲ್ಲ.
ಊರು ಜಿಪುಣಿ ಅಂದಿತು. ನಾನೂ ಅಂದಿದ್ದೆ.

ಆ ಡಿಸೆಂಬರಿನಲ್ಲಿ ಉಪ್ಪಿನ ಡಬ್ಬಿಯ ತಳ ಕಂಡಿತು.
ಹತ್ತು ಪಾಲಿನ ಜಾಗದಲ್ಲಿ ಒಂದು ಪಾಲು ಹಾಕಿ
ಉಳಿದದ್ದಕ್ಕೆ ನೀರು ಸುರಿದೆ, ಹುಳಿಯನ್ನು ಹುಳಿಯಾಗಿಯೇ ಬಿಟ್ಟೆ.
ಡಬ್ಬಿ ಖಾಲಿಯಾದದ್ದಕ್ಕೋ,
ಅಜ್ಜಿಯ ಕೈ ನನ್ನ ಕೈಯೊಳಗೆ ಬಂದದ್ದಕ್ಕೋ,
ಇವತ್ತಿಗೂ ಗೊತ್ತಿಲ್ಲ.
ನಾಚಿಕೆಯಿಂದ ಆ ಸೀಸೆಗಳನ್ನು ಹಿಂದಿನ ಸಾಲಿಗೆ ತಳ್ಳಿ
ಮರೆತೆ.

ಮಾರ್ಚ್. ಕಿಟಕಿಗೆ ಹಿಡಿದೆವು.
ಹೆಚ್ಚೇನಿಲ್ಲ,
ಮಲಗಿದ ಮಗುವಿನ ಉಸಿರು
ಕನ್ನಡಿಯ ಮೇಲೆ ಕೂತಷ್ಟು ಮಬ್ಬು.
ಇರೈದಾ ಲ್ವೊವ್ನಾ ಗಾಳಿ ಅಳೆದರು, ಮತ್ತೆ ಅಳೆದರು.
ಮೀಥೇನ್ ಅರ್ಧಕ್ಕಿಳಿದಿತ್ತು.
ಕನ್ನಡಕ ತೆಗೆದು ಸೆರಗಿಲ್ಲದ ಕೋಟಿನಲ್ಲಿ
ಒರೆಸಲು ಜಾಗ ಹುಡುಕಿದರು.
ಆಮೇಲೆ, ಹಸಿದಿವೆ ಪಾಪ, ಎಂದು
ಹಳೆಯ ಗಟ್ಟಿ ಸಾರು ತುಂಬಿದ ಸೂಜಿ ಎತ್ತಿದರು.

ನಾನು ಅವರ ಮಣಿಕಟ್ಟು ಹಿಡಿದೆ.
ನೋವಾಯಿತಂತೆ,
ಬೇಸಿಗೆಯಲ್ಲಿ ಹೇಳಿದರು.